ಅಕ್ಕನ ಅಂಗಡಿಯೊಳಗೆ ಹಾದುಹೋದ ರೆಕ್ಕೆ

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ಬೀದಿಯ ತಿರುವಿನಲ್ಲಿ ಅವಳದೇ ಒಂದು ಪುಟ್ಟ ಅಂಗಡಿ. ಎಲ್ಲರ ಬಾಯಲ್ಲೂ ಅವಳು ಕತ್ತರಿ ಅಕ್ಕ. ಆ ಹೆಸರು ಬಂದದ್ದು ಕೈಯಿಂದಲ್ಲ, ನಾಲಿಗೆಯಿಂದ ಎಂದು ನಾನು ರೇಗಿಸುತ್ತಿದ್ದೆ. ಇಂಥವಳು ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆಗೆ ಸೇರುತ್ತೇನೆ ಎಂದಾಗ ನಕ್ಕುಬಿಟ್ಟೆ. ಕಬ್ಬಿಣ ಬಡಿಯುವ ಕಡೆ ಸೂಜಿಗೇನು ಕೆಲಸ?

ರೆಕ್ಕೆ ಎಂದರೆ ಬಟ್ಟೆ ಎಂಬುದು ನನಗೆ ಗೊತ್ತಿರಲಿಲ್ಲ. ಗಾಜಿನ ನೂಲಿನಲ್ಲಿ ನೇಯ್ದ ಬಿಳಿ ಬಟ್ಟೆ. ದೋಣಿಯಂಥ ಉದ್ದನೆಯ ಅಚ್ಚಿನೊಳಗೆ ಅದನ್ನು ಪದರದ ಮೇಲೆ ಪದರ ಹಾಸಿ, ಅಂಟು ಕುಡಿಸಿ, ಕಾಯಿಸಿದರೆ ಕಲ್ಲಿನಂತಾಗುತ್ತದೆ. ಒಂದು ಸುಕ್ಕು ಉಳಿದರೂ ಮುಂದೊಂದು ದಿನ ಅಲ್ಲೇ ಬಿರುಕು. ಅದಕ್ಕೇ ಬಟ್ಟೆ ಬಲ್ಲ ಕೈಗಳನ್ನು ಹುಡುಕುತ್ತಿದ್ದರು.

"ಎಷ್ಟು ದೊಡ್ಡದು ಗೊತ್ತೇನೋ? ಈ ತುದೀಲಿ ನಿಂತು ಕೂಗಿದ್ರೆ ಆ ತುದಿಗೆ ಸರಿಯಾಗಿ ಕೇಳಲ್ಲ" ಎಂದು ಅಕ್ಕ ಕಣ್ಣರಳಿಸುತ್ತಿದ್ದಳು.

"ಸಾಕು ಸುಮ್ನಿರು, ರೈಲು ಬಿಡ್ಬೇಡ" ಎನ್ನುತ್ತಿದ್ದೆ.

ಆ ಕಾರ್ಖಾನೆಯ ಜನರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು ನಾನೇ. ಸರ್ಕಾರದ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ಬಸ್ಸಿನ ಕನ್ನಡಿಯಲ್ಲೇ ಕಾಣುತ್ತಿತ್ತು. ಗಾಳಿ ವಿದ್ಯುತ್ತಿಗೆಂದು ಅದು ತನ್ನ ಪಾಲಿನ ಹಣ ಬಿಟ್ಟರೆ ಕಂಪನಿಗೆ ಆರ್ಡರು. ಆರ್ಡರು ಬಂದರೆ ಕೆಲಸಕ್ಕೆ ಕರೆ. ಆಮೇಲೆ ನನ್ನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅದು ಕೈ ಬಿಗಿ ಹಿಡಿದ ವರ್ಷ ಸೀಟುಗಳು ಹಿಂದಿನಿಂದ ಒಂದೊಂದಾಗಿ ಖಾಲಿಯಾಗುತ್ತ ಬಂದವು. ಕೊನೆಗೆ ಅಕ್ಕನೂ ಇಳಿದಳು, ಬಸ್ಸೂ ನಿಂತಿತು.

ಅಕ್ಕ ಮತ್ತೆ ಅಂಗಡಿ ತೆರೆದು ಪರದೆ ಹೊಲಿಯತೊಡಗಿದಳು. ಕಾಲು ಮಿಷನ್ ತುಳಿಯುತ್ತಿತ್ತು, ಮನಸ್ಸು ಮಾತ್ರ ಅಚ್ಚಿನಲ್ಲೇ ಇತ್ತು. ಅವಳು ಹಾಸಿದ ಕೊನೆಯ ಮೂರು ರೆಕ್ಕೆಗಳು ಕಾರ್ಖಾನೆಯ ಅಂಗಳದಲ್ಲಿ ಬಿಸಿಲು ಕಾಯುತ್ತ ಬಿದ್ದಿದ್ದವು.

ಅಂತೂ ಇಂತೂ ಹಣ ಮಂಜೂರಾಯಿತು, ಆದರೆ ಒಂದು ಷರತ್ತಿನ ಮೇಲೆ: ಗುಡ್ಡದ ಮೇಲಿನ ಕೊನೆಯ ಗಾಳಿಯಂತ್ರ ಆ ತಿಂಗಳೊಳಗೆ ತಿರುಗಬೇಕು. ರೆಕ್ಕೆಗಳನ್ನು ಹೊತ್ತ ಲಾರಿಗಳು ಹೊರಟವು. ಮೊದಲನೆಯದು ನಮ್ಮ ತಿರುವಿಗೆ ಬಂದು ನಿಂತುಬಿಟ್ಟಿತು. ಎಷ್ಟು ಸರ್ಕಸ್ ಮಾಡಿದರೂ ಅಕ್ಕನ ಅಂಗಡಿಯ ಗೋಡೆ ಅಡ್ಡ. ಇನ್ನೊಂದು ದಾರಿಯ ಸೇತುವೆ ಆ ಭಾರ ತಡೆಯುವಂತಿರಲಿಲ್ಲ.

ಲಾರಿಗಳ ಮೇಲ್ವಿಚಾರಕ ಬೆವರು ಒರೆಸಿಕೊಳ್ಳುತ್ತ ಬಂದ. "ಅಮ್ಮಾ, ಈ ಗೋಡೆ ಕೆಡವಬೇಕಾಗುತ್ತೆ. ಆಮೇಲೆ ನಾವೇ ಕಟ್ಟಿಸಿಕೊಡ್ತೀವಿ. ನೀವು ಬೇಡ ಅಂದ್ರೆ ಬಲವಂತ ಇಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಕೆಲಸದಿಂದ ಕಳಿಸಿದವರು ನೀವು. ಈಗ ಉಳಿದಿರೋ ಅಂಗಡೀನೂ ಕೆಡವ್ತೀರಾ? ಇದು ನಮ್ಮ ಭಾವ ಮುಂದೆ ನಿಂತು ಕಟ್ಟಿಸಿದ ಗೋಡೆ. ಅವರೂ ಈಗಿಲ್ಲ."

ಅಕ್ಕ ನನ್ನತ್ತ ತಿರುಗಿಯೂ ನೋಡಲಿಲ್ಲ. "ಇದು ಗುಡ್ಡ ಹತ್ತದೇ ಇದ್ರೆ?" ಎಂದು ಅವನನ್ನು ಕೇಳಿದಳು.

"ಸರ್ಕಾರದ ದುಡ್ಡು ಬರಲ್ಲ. ಮುಂದಿನ ಆರ್ಡರೂ ಇಲ್ಲ. ಕಾರ್ಖಾನೆ ಬಾಗಿಲು ಹಾಕಿದ್ದು ಹಾಕಿದ ಹಾಗೇ."

"ಹತ್ತಿದ್ರೆ?"

"ಎಲ್ಲರನ್ನೂ ವಾಪಸ್ ಕರೀತಾರೆ ಅಂತಾರೆ. ಖಾತ್ರಿ ಅಂತ ನಾನು ಹೇಳಲಾರೆ ಅಮ್ಮಾ."

ಅಕ್ಕ ಗೋಡೆಯನ್ನು ನೋಡಿದಳು. ಅದರ ಮೊಳೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡಳು. "ಕಣ್ ಕಣ್ ಬಿಟ್ಕೊಂಡು ಏನ್ ನೋಡ್ತೀಯ? ಮಿಷನ್ನಿನ ಆ ಕಡೆ ಹಿಡ್ಕೊ" ಎಂದು ನನ್ನ ಮೇಲೆ ಹರಿಹಾಯ್ದಳು.

ಮರುದಿನ ಬೆಳಿಗ್ಗೆ, ಗೋಡೆಯಿಲ್ಲದ ಅಂಗಡಿಯಲ್ಲಿ ನಾವಿಬ್ಬರೂ ಮೂಲೆಗೆ ಒರಗಿ ನಿಂತಿದ್ದೆವು. ಲಾರಿ ಆಮೆ ನಡಿಗೆಯಲ್ಲಿ ಹೊರಟಿತು. ಅದರ ಮುಂಭಾಗ ಔಷಧದಂಗಡಿ ದಾಟಿತು, ಹಾಲಿನಂಗಡಿ ದಾಟಿತು, ಶಾಲೆಯ ಗೇಟು ದಾಟಿತು. ರೆಕ್ಕೆ ಇನ್ನೂ ಬರುತ್ತಲೇ ಇತ್ತು. ಬಾಲ್ಕನಿಗಳಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಹಾಲಿನವನೂ ವ್ಯಾಪಾರ ಬಿಟ್ಟು ಬೀದಿಗೆ ಬಂದಿದ್ದ. ಇಷ್ಟು ದೊಡ್ಡದನ್ನು ಮನುಷ್ಯರು ಮಂಡಿಯೂರಿ, ಕೈಯಿಂದ ಸವರಿ ಸವರಿ ಮಾಡಿದ್ದಾರೆ, ಅವರಲ್ಲಿ ನನ್ನ ಅಕ್ಕನೂ ಒಬ್ಬಳು ಎಂಬುದು ತಲೆಗೆ ಹೋಗಲು ಹೊತ್ತು ಹಿಡಿಯಿತು.

ಲಾರಿ ತಿರುಗಿದಂತೆ ರೆಕ್ಕೆಯ ಹಿಂದಿನ ತುದಿ ಅಂಗಡಿಯೊಳಗೇ ಬಂತು. ಕತ್ತರಿಸುವ ಮೇಜಿನ ಮೇಲೆ, ಭಾವನ ಫೋಟೋದ ಮುಂದೆ, ಸದ್ದಿಲ್ಲದೆ ಹಾದುಹೋಯಿತು. ಅಕ್ಕ ಅಂಗೈ ಚಾಚಿದಳು. ಅದು ಅವಳ ಕೈಯಡಿ ಜಾರುತ್ತ ಹೋಯಿತು, ನುಣ್ಣಗೆ, ಎಲ್ಲೂ ತಡೆಯದೆ. ಅವಳ ಕಣ್ಣು ತುಂಬಿ ಬಂದಿತ್ತು.

"ರೈಲು ಬಿಡ್ತೀನಿ ಅಂದಿದ್ಯಲ್ಲ?" ಎಂದಳು.

ತಿಂಗಳು ಮುಗಿಯುವ ಮೊದಲೇ ಗುಡ್ಡದ ಮೇಲೆ ಮೂರೂ ರೆಕ್ಕೆಗಳು ತಿರುಗಿದವು. ಕಾರ್ಖಾನೆಯ ಬಾಗಿಲು ತೆರೆಯಿತು, ನನ್ನ ಬಸ್ಸೂ ಮತ್ತೆ ಹೊರಟಿತು. ಕೆಲಸಕ್ಕೆ ಕರೆದವರಲ್ಲಿ ಅಕ್ಕನೂ ಇದ್ದಳು, ನನ್ನ ಹಿಂದಿನ ಸೀಟು ಅವಳಿಗೇ ಮೀಸಲಾಯಿತು. ಮುಂದಿನ ವರ್ಷ ಸರ್ಕಾರ ಏನು ಮಾಡುತ್ತದೋ, ಅದು ನಮ್ಮಿಬ್ಬರಿಗೂ ಗೊತ್ತಿಲ್ಲ.

ರಜೆಯ ದಿನ ಗೋಡೆ ಕಟ್ಟಲು ಮೇಸ್ತ್ರಿ ಬಂದ. ಹಳೆಯ ಪಾಯದ ಗುರುತು ಹಿಡಿದು ದಾರ ಕಟ್ಟಿದ. ಅಕ್ಕ ಬಂದವಳೇ ಆ ದಾರವನ್ನು ಕಿತ್ತಳು.

"ಎರಡು ಮಾರು ಒಳಗೆ ಕಟ್ಟಪ್ಪ. ಮಿಷನ್ ಒಂದು ಹಿಡಿಸಿದ್ರೆ ಸಾಕು."

"ಯಾಕಮ್ಮಾ, ಇದ್ದ ಜಾಗ ಬಿಟ್ಟುಕೊಡ್ತೀರಾ?"

"ಹೊಸ ಅಚ್ಚು ಬಂದಿದೆ" ಎಂದಳು ಅಕ್ಕ. "ಮುಂದಿನ ರೆಕ್ಕೆ ಇದಕ್ಕಿಂತ ಉದ್ದ."