ಪಂಚಗಿರಿ ಪಡೆಯ ದ್ರೋಹಿ

ಶಿಡ್ಲಘಟ್ಟದಲ್ಲಿ ತರನ್ನುಮ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ರೇಷ್ಮೆ ನೂಲು ಬಿಚ್ಚುವ ಲಾಲ್ ಬಾಷಾ ಅವರ ಎರಡನೇ ಮಗಳು, ಚಿತ್ರ ಬರೀತಾಳಲ್ಲ, ಅವಳು ಅನ್ನಬೇಕು. ಆಗ “ಓ, ಆಯಮ್ಮನಾ!” ಎಂದು ನಗುತ್ತಾರೆ. ಮೂವತ್ತು ದಾಟಿದರೂ ಮದುವೆ ಬೇಡವಂತೆ, ಆಕಾಶದಲ್ಲಿ ಹಾರುವವರನ್ನು ಬರೆಯುತ್ತಾ ಕೂತಿದ್ದಾಳಂತೆ ಅನ್ನುವ ನಗು. ನಗಲಿ ಬಿಡಿ. ಬರೀ ಎರಡು ಕಣ್ಣು ಬರೆದು ಎದೆ ಝಲ್ಲೆನಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ ನೋಡೋಣ.

ಅವಳ ಕಾಮಿಕ್ಸಿನ ಹೆಸರು ‘ಪಂಚಗಿರಿ ಪಡೆ’. ನಂದಿಯ ಸುತ್ತಲಿನ ಐದು ಬೆಟ್ಟಗಳಿಂದ ಶಕ್ತಿ ಪಡೆದ ಐವರು ಸೂಪರ್‌ಹೀರೋಗಳ ಕಥೆ. ಕಥೆ ಬರೆಯುತ್ತಿದ್ದವನು ಮಂಡಿಕಲ್ಲಿನ ಮೋಹನ್‌ಬಾಬು, ಚಿತ್ರ ತರನ್ನುಮಳದು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ರೂಮಿನಲ್ಲಿ ಕೂತು ಬರೆಯುತ್ತಿದ್ದ. ಬಣ್ಣ ಚಿಂತಾಮಣಿಯ ಶಿರೀಷಾಳದು. ಅಕ್ಷರ ಕೂರಿಸುವುದು ಗೌರಿಬಿದನೂರಿನ ಡಿಟಿಪಿ ಅಂಗಡಿಯ ವೆಂಕಟರವಣಪ್ಪ. ಐವರಲ್ಲಿ ನೂರಿ ಮಾತ್ರ ತರನ್ನುಮಳದೇ ಸೃಷ್ಟಿ. ಬೆರಳ ತುದಿಯಿಂದ ನೂಲು ಚಿಮ್ಮಿಸಿ, ಕಣಿವೆಗೆ ಉರುಳುವ ಬಸ್ಸನ್ನು ಹಿಡಿದು ನಿಲ್ಲಿಸುವ ಗಟ್ಟಿಗಿತ್ತಿ.

ಮೂರು ಭಾಗಗಳನ್ನು ತಾವೇ ಅಚ್ಚು ಹಾಕಿಸಿದರು. ಆಮೇಲೆ ಬೆಂಗಳೂರಿನ ಪ್ರಕಾಶಕರೊಬ್ಬರು ಮುಂದೆ ಬರುವ ಕೊನೆಯ ಭಾಗವೂ ಸೇರಿ ನಾಲ್ಕನ್ನೂ ಒಟ್ಟುಗೂಡಿಸಿ ದೊಡ್ಡ ಪುಸ್ತಕ ಮಾಡುತ್ತೇವೆ, ರಕ್ಷಾಪುಟದಲ್ಲಿ ನಾಲ್ವರ ಹೆಸರೂ ಇರುತ್ತದೆ ಎಂದರು. ತನ್ನ ಹೆಸರು ಪುಸ್ತಕದ ಮೇಲೆ! ತರನ್ನುಮಳಿಗೆ ಬದುಕಿನಲ್ಲಿ ಬೇಕಾಗಿದ್ದು ಅದೊಂದೇ. ಪ್ರಕಾಶಕರ ಷರತ್ತೂ ಒಂದೇ: ಕಥೆಯ ಕೊನೆ ಮೊದಲೇ ಹೊರಗೆ ಹೋಗಕೂಡದು. ಯಾಕೆಂದರೆ ಮೂರನೇ ಭಾಗದ ಕೊನೆಯ ಪುಟ ಅಚ್ಚಿಗೆ ಮೊದಲೇ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ತಿರುಗಾಡಿತ್ತು. ಯಾರ ಕೆಲಸವೋ ಗೊತ್ತಾಗಿರಲಿಲ್ಲ.

ನಾಲ್ಕನೇ ಭಾಗದಲ್ಲಿ ಪಡೆಯೊಳಗೇ ಒಬ್ಬರು ಶತ್ರುವಿಗೆ ಸುದ್ದಿ ಮುಟ್ಟಿಸುತ್ತಾರೆ. ಐವರೂ ಒಬ್ಬರನ್ನೊಬ್ಬರು ಅನುಮಾನಿಸಿ ಒಟ್ಟಿಗೆ ಅನ್ನ ಉಣ್ಣುವುದನ್ನೂ ಬಿಡುತ್ತಾರೆ. ಕೊನೆಯ ಪುಟಗಳ ಬರಹ ಕೈಗೆ ಬಂದಾಗ ತರನ್ನುಮ್ ನೋಡಿದಳು: ದ್ರೋಹಿ ನೂರಿ.

“ಅಣ್ಣಾ, ನೂರೀನೇ ಯಾಕೆ?” ಎಂದು ಮೋಹನ್‌ಬಾಬುವನ್ನು ಕೇಳಿದಳು.

“ಕಥೆಗೆ ಬೇಕು ಕಣಮ್ಮ. ಯಾರೂ ಊಹೆ ಮಾಡಲ್ಲ.”

ಅವಳಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಅಣ್ಣ ಹೇಳಿದ್ದಾನಲ್ಲ, ಬರೆದಳು. ಪಡೆಯ ಮುಂದೆ ತಪ್ಪೊಪ್ಪಿಕೊಂಡು ತಲೆ ತಗ್ಗಿಸಿ ನಿಂತ ನೂರಿಯನ್ನು ಆರು ಸಲ ಬರೆದು ಐದು ಹಾಳೆ ಎಸೆದಳು. ಬರೆದದ್ದನ್ನು ಯಾರಿಗೂ ತೋರಿಸಲಿಲ್ಲ.

ಹದಿನೈದು ದಿನಕ್ಕೆ ಆ ಚಿತ್ರ ಊರೂರಿನ ಮೊಬೈಲುಗಳಲ್ಲಿತ್ತು.

“ನಿನಗೆ ಕೊಟ್ಟ ಕೊನೆ ಸುಳ್ಳು ಕಣಮ್ಮ,” ಎಂದ ಮೋಹನ್‌ಬಾಬು ಫೋನಿನಲ್ಲಿ. “ಕಳ್ಳರು ಯಾರು ಅಂತ ಹಿಡಿಯಾಕೆ ಬೇರೆ ಬರೆದು ಕೊಟ್ಟಿದ್ದೆ. ಅದೇ ಈಚೆಗೆ ಬಂದೈತೆ. ಇನ್ನೇನು ಹೇಳ್ತೀಯ?”

ತಾನಲ್ಲ ಎಂದಳು, ಅತ್ತಳು, ತಂದೆಯ ಮೇಲೆ ಆಣೆ ಇಟ್ಟಳು. ಕೇಳುವವರು ಯಾರು! ಅವಳನ್ನು ಕೈಬಿಟ್ಟು ಬೇರೆ ಕಲಾವಿದನಿಂದ ಪುಟಗಳನ್ನೆಲ್ಲ ತಿದ್ದಿಸಿದರು. ಪುಸ್ತಕ ಬಂತು. ರಕ್ಷಾಪುಟದಲ್ಲಿ ನಾಲ್ಕು ಹೆಸರಿದ್ದವು, ನಾಲ್ಕನೆಯದು ಆ ಬೇರೆಯವನದು.

ತರನ್ನುಮ್ ಆ ಸೋರಿದ ಫೋಟೋವನ್ನು ದಿನವೂ ತೆಗೆದು ನೋಡುತ್ತಿದ್ದಳು, ಹುಣ್ಣು ಕೆರೆದುಕೊಳ್ಳುವವರ ಹಾಗೆ. ಒಂದು ಮಧ್ಯಾಹ್ನ ಹಿಗ್ಗಿಸಿ ನೋಡಿದಾಗ ನೂರಿಯ ಕಾಲ ಬಳಿ ಸೊಪ್ಪಿನ ಚೂರು, ಕರೀ ಹಿಕ್ಕೆ ಕಂಡಿತು. ರೇಷ್ಮೆಹುಳದ ಹಿಕ್ಕೆ! ಅವರ ಮನೆಯಲ್ಲಿ ಹುಳ ಎಲ್ಲಿಂದ ಬರಬೇಕು? ಹುಳ ಸಾಕುವವರು ರೈತರು. ಇವರ ಮನೆಗೆ ಬರುವುದು ಗೂಡು ಮಾತ್ರ. ಓಡಿಹೋಗಿ ತಾಯಿ ಬಿಸ್ಮಿಲ್ಲಾ ಬೀಯನ್ನು ಕೇಳಿದಳು. ಹಳೇ ಪೇಪರನ್ನೆಲ್ಲ ಮಂಡಿಕಲ್ಲಿನ ಮುನಿಶಾಮಪ್ಪ ಒಯ್ಯುತ್ತಾರಲ್ಲ, ಹುಳದ ತಟ್ಟೆಗೆ ಹಾಸಲು, ನೀನು ಎಸೆದ ಹಾಳೆಗಳೂ ಅದರಲ್ಲೇ ಇದ್ದವು ಎಂದರು ತಾಯಿ. ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ಒಂದು ಕಟ್ಟು ಕೊಡುವುದು ಹಳೆಯ ವಾಡಿಕೆಯಂತೆ.

ಮುನಿಶಾಮಪ್ಪ ಮೋಹನ್‌ಬಾಬುವಿನ ಹೆತ್ತ ತಂದೆ!

ತರನ್ನುಮ್ ಅದಷ್ಟನ್ನೂ ಬರೆದು ಕಳಿಸಿದಳು. ಮೋಹನ್‌ಬಾಬು ಊರಿಗೆ ಹೋಗಿ ವಿಚಾರಿಸಿದ. ತಟ್ಟೆ ಬದಲಿಸುವಾಗ ಚಿತ್ರ ಕಂಡು, ಮೂರನೇ ಭಾಗದ್ದೂ ಸೇರಿ ಎರಡು ಸಲವೂ ಫೋಟೋ ತೆಗೆದು ‘ನಮ್ಮಣ್ಣನ ಕಾಮಿಕ್ಸ್’ ಎಂದು ಗುಂಪಿಗೆ ಹಾಕಿದವನು ತಮ್ಮ ಚಲಪತಿ. ಆಸ್ತಿ ಭಾಗದ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ತಮ್ಮ ಮಾತು ಬಿಟ್ಟಿದ್ದನೇ ಹೊರತು ಅಣ್ಣನ ಮೇಲಿನ ಹೆಮ್ಮೆ ಬಿಟ್ಟಿರಲಿಲ್ಲ.

ಸಂಜೆ ಮೋಹನ್‌ಬಾಬು ಫೋನ್ ಮಾಡಿದ.

“ತಪ್ಪಾಯ್ತು ಕಣಮ್ಮ. ಮುಂದಿನ ಮುದ್ರಣದಾಗೆ ನಿನ್ನ ಹೆಸರು ಹಾಕಿಸ್ತೀನಿ. ವಾಪಸ್ ಬಾ.”

ಅವಳಿಗೆ ಅಳು ಉಕ್ಕಿ ಬಂತು. ಬರ್ತೀನಣ್ಣ ಅನ್ನಬೇಕು, ಬಾಯಿಗೂ ಬಂದಿತ್ತು. ಸುಮ್ಮನೆ ತಿಳಿಯಲೆಂದು ಒಂದು ಮಾತು ಕೇಳಿದಳು.

“ಅಣ್ಣಾ, ಶಿರೀಷಾಗೆ ಯಾವ ಸುಳ್ಳು ಕೊನೆ ಕೊಟ್ಟಿದ್ರಿ? ರವಣಪ್ಪನೋರಿಗೆ ಯಾವುದು?”

“ಅವರಿಬ್ಬರಿಗೂ… ನಿಜವಾದದ್ದೇ ಕೊಟ್ಟಿದ್ದೆ.”

“ಸುಳ್ಳು ನನಗೊಬ್ಬಳಿಗೇನಾ?”

“ಅವರು ನಮ್ಮೋರಲ್ವಾ ಅಂತ…”

“ಮತ್ತೆ ನಾನು ಯಾರೋಳಣ್ಣ?”

ಅವನು ಮತ್ತೆ ಮುಂದಿನ ಮುದ್ರಣದ ಮಾತೆತ್ತಿದ. ಬರ್ತೀನಿ ಅನ್ನದೆ ತರನ್ನುಮ್ ಫೋನ್ ಇಟ್ಟಳು.