ಮೊಳೆ ಹೊಡೆಯದೆ ನಿಂತ ಬೀರು

ನನ್ನ ಮಗಳಿಗೆ ಆಗ ಒಂದೂಮುಕ್ಕಾಲು ವರ್ಷ. ಆಟದ ಸಾಮಾನು ಬುಟ್ಟಿಗಟ್ಟಲೆ ಇದ್ದರೂ ಅವಳಿಗೆ ಬೇಕಾಗಿದ್ದು ನಮ್ಮ ಕಬ್ಬಿಣದ ಬೀರು ಒಂದೇ. ಬಾಗಿಲು ತೆರೆದು, ಕೆಳಗಿನ ಖಾನೆಯ ಮೇಲೆ ಕಾಲಿಟ್ಟು, ಹ್ಯಾಂಡಲ್ ಹಿಡಿದು ಜೋತಾಡುವಳು. ಬೀಗ ಹಾಕಿದರೆ ಹ್ಯಾಂಡಲ್ಲಿಗೇ ನೇತುಬೀಳುವಳು. ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಮಡಚುತ್ತ ತಿರುಗಿ ನೋಡುತ್ತೇನೆ, ಅಷ್ಟೆತ್ತರದ ಬೀರು ಅವಳ ಮೇಲೆ ಬಗ್ಗಿದೆ! ಓಡಿಹೋಗಿ ಎರಡೂ ಕೈಯಿಂದ ತಡೆದೆ. ಅವಳು ಕಿಲಕಿಲ ನಕ್ಕಳು. ನಾನು ಮಾತ್ರ ಅವಳನ್ನು ಎತ್ತಿಕೊಂಡವಳು ಮಧ್ಯಾಹ್ನದವರೆಗೂ ಕೆಳಗಿಳಿಸಲಿಲ್ಲ.

ಸ್ವಂತ ಮನೆಯಾದರೆ ಎರಡು ಕ್ಲ್ಯಾಂಪು ಹಾಕಿ ಗೋಡೆಗೆ ಬಿಗಿದರೆ ಮುಗಿಯಿತು. ನಮ್ಮದು ಬಿಟಿಎಂ ಬಡಾವಣೆಯ ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ, ಮೇಲೆ ನಾವು. ಹಿಂದೆ ಇದ್ದವರು ಯಾರೋ ಡ್ರಿಲ್ ಹಾಕಲು ಹೋಗಿ ಗೋಡೆಯೊಳಗಿನ ಪೈಪಿಗೇ ತೂತು ಮಾಡಿ, ಆಂಟಿಯ ದೇವರಮನೆಗೆ ನೀರು ಸುರಿಸಿದ್ದರಂತೆ. ಅಂದಿನಿಂದ ಗೋಡೆ ಮುಟ್ಟುವಂತಿಲ್ಲ. ನಡೆದದ್ದನ್ನೆಲ್ಲ ಹೇಳಿ ಎರಡೇ ಎರಡು ತೂತಿಗೆ ಅಂಗಲಾಚಿದೆ.

"ಮಗೂನ ನೋಡ್ಕೋಬೇಕಮ್ಮ," ಅಂದರು ಆಂಟಿ.

ನನಗೆ ಸಿಟ್ಟು ನೆತ್ತಿಗೇರಿತು. ನಾನೇನು ಮಗಳನ್ನು ಬಿಟ್ಟು ಊರು ಸುತ್ತುತ್ತಿದ್ದೆನೇ? ನಿಮ್ಮ ಗೋಡೆಗೆ ಒಂದು ಗೀರೂ ಬೀಳದ ಹಾಗೆ ಮಾಡಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಮೆಟ್ಟಿಲು ಹತ್ತಿದೆ.

ಬೀರುವನ್ನು ಕಿಟಕಿಯ ಪಕ್ಕಕ್ಕೆ ತಳ್ಳಿ ಗ್ರಿಲ್ಲಿಗೆ ಹಗ್ಗದಿಂದ ಕಟ್ಟಿಬಿಡೋಣ ಎಂದರೆ ಅತ್ತೆ ಅಡ್ಡ ನಿಂತರು. ಅತ್ತೆ ಹುಬ್ಬಳ್ಳಿಯವರು. ಬೀರುವಿಗೆ ತಿಜೋರಿ ಅನ್ನುತ್ತಾರೆ. "ತಿಜೋರಿ ನೈಋತ್ಯ ಬಿಟ್ಟು ಒಂದ್ ಗೇಣೂ ಸರಿಯಂಗಿಲ್ಲ ನೋಡವಾ. ಅದರಾಗ ಲಕ್ಷ್ಮಿ ಅದಾಳ." ನೈಋತ್ಯ ಮೂಲೆಯಲ್ಲಿ ಕಿಟಕಿಯಿಲ್ಲ. ಸಾಲದ್ದಕ್ಕೆ ಅಲ್ಲಿನ ನೆಲ ಬಚ್ಚಲಿನ ಕಡೆಗೆ ವಾಲಿದೆ. ಲಕ್ಷ್ಮಿ ಬಗ್ಗಿ ನಿಂತಿದ್ದೇ ಅದಕ್ಕೆ.

ಗಂಡ ಆನ್‌ಲೈನಿನಲ್ಲಿ ಎರಡು ಬದಿ ಅಂಟುವ ಟೇಪು ತರಿಸಿ ಬೀರುವನ್ನು ಪಕ್ಕದ ಗೋಡೆಗೆ ಅಂಟಿಸಿದರು. ಮಗಳು ಒಂದು ಸಲ ಜೋತುಬಿದ್ದಳು, ಚಪಾತಿಯಷ್ಟಗಲದ ಬಣ್ಣ ಟೇಪಿನ ಜೊತೆಗೇ ಕಿತ್ತುಬಂತು. ಅದನ್ನು ಮುಚ್ಚಲು ಕ್ಯಾಲೆಂಡರ್ ನೇತುಹಾಕೋಣವೆಂದರೆ ಅದಕ್ಕೂ ಮೊಳೆ ಬೇಕು!

ಆಗ ನಾನು ಸ್ಟೂಲ್ ಹತ್ತಿ ನಿಂತೆ. ಗಂಡನಿಗೆ ಬೀರುವನ್ನು ಮೆಲ್ಲಗೆ ಮುಂದಕ್ಕೆ ಎಳೆಯಲು ಹೇಳಿ, ಮೇಲಿನಿಂದ ನೋಡಿದೆ. ಬೀರು ಮುಂದಕ್ಕೆ ಬಗ್ಗುವಾಗ ಅದರ ಹಿಂದಿನ ಅಂಚು ಮೇಲೇಳುತ್ತಿತ್ತು. ಮೇಲೆ ಅರ್ಧ ಅಡಿ ಬಿಟ್ಟು ಸಾಮಾನಿಡುವ ಸಿಮೆಂಟಿನ ಲಾಫ್ಟ್ ಇತ್ತು. ಹಿಂದಿನ ಅಂಚಿಗೂ ಲಾಫ್ಟಿಗೂ ನಡುವೆ ಮರ ತುರುಕಿದರೆ ಅದು ಏಳುವುದಾದರೂ ಎಲ್ಲಿಗೆ? ಏಳದಿದ್ದರೆ ಬೀಳುವುದಾದರೂ ಹೇಗೆ? ನನಗೆ ಸ್ಟೂಲಿನ ಮೇಲೆಯೇ ಕುಣಿಯುವಷ್ಟು ಖುಷಿಯಾಯಿತು.

ಮರದಂಗಡಿಯವರು ಎರಡು ತುಂಡು, ನಾಲ್ಕು ಬೆಣೆ ಕೊಯ್ದುಕೊಡುತ್ತ, "ಮೇಡಂ, ಡ್ರಿಲ್ ಹಾಕ್ಸಿ, ಐದ್ ನಿಮಿಷದ ಕೆಲ್ಸ," ಅಂದರು. ನಾನು ಅವರನ್ನು ಒಮ್ಮೆ ದುರುಗುಟ್ಟಿ ನೋಡಿ ಮನೆಗೆ ಬಂದೆ.

ಮರ ಜಾರದಿರಲು ಅದರ ಕೆಳಗೊಂದು, ಮೇಲೊಂದು ರಬ್ಬರು ಬೇಕಿತ್ತು. ಹಳೆಯ ಹವಾಯಿ ಚಪ್ಪಲಿ ಕತ್ತರಿಸಲು ಕೂತೆ. ಅತ್ತೆ ಕತ್ತರಿಯನ್ನೇ ಕಸಿದುಕೊಂಡರು.

"ಲಕ್ಷ್ಮಿ ತಲಿ ಮ್ಯಾಲೆ ಚಪ್ಪಲಿ ಇಡ್ತೀಯೇನವಾ?"

ನನಗೆ ಅದು ಹೊಳೆದೇ ಇರಲಿಲ್ಲ. ಅತ್ತೆ ಗೊಣಗುತ್ತ ಅಡುಗೆಮನೆಗೆ ಹೋಗಿ ಕುಕ್ಕರಿನ ಸವೆದ ಗ್ಯಾಸ್ಕೆಟ್ಟುಗಳನ್ನು ತಂದು, ತಾವೇ ತುಂಡು ಮಾಡಿ, ತೊಳೆದು, ಒರೆಸಿ ಕೊಟ್ಟರು. ಅದು ಗಟ್ಟಿಯಾಗಿ ಕಚ್ಚಿ ಕೂತಿತು. ಮರದ ತುಂಡಿಟ್ಟು, ಬೆಣೆಗಳನ್ನು ಎದುರುಬದುರು ಸಿಕ್ಕಿಸಿ ಸುತ್ತಿಗೆಯಿಂದ ಬಡಿದೆ. ನಾಲ್ಕನೇ ಏಟಿಗೆ ಬಾಗಿಲ ಬೆಲ್ಲು ಹೊಡೆದುಕೊಂಡಿತು.

"ಏನಮ್ಮ ಅದು ಸದ್ದು? ಮೊಳೆ ಹೊಡೀತಿದೀರಾ?" ಆಂಟಿ ಏದುಸಿರು ಬಿಡುತ್ತ ನಿಂತಿದ್ದರು.

"ಬನ್ನಿ ಆಂಟಿ, ನೀವೇ ನೋಡಿ."

ಆಂಟಿ ಗೋಡೆಯನ್ನೆಲ್ಲ ಅಂಗೈಯಿಂದ ಸವರಿ ನೋಡಿದರು. ಬಣ್ಣ ಕಿತ್ತ ಕಡೆ ಒಂದು ಗಳಿಗೆ ನಿಂತರು. "ಟೇಪು ಆಂಟಿ. ಬಣ್ಣ ನಾವೇ ಹೊಡೀತೀವಿ," ಅಂದೆ. ಎಷ್ಟು ಹುಡುಕಿದರೂ ಒಂದು ತೂತು ಸಿಗಲಿಲ್ಲ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀರುವನ್ನು ಎರಡೂ ಕೈಯಿಂದ ಎಳೆದರು. ಬೀರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅತ್ತೆ ಬೆಣೆಗೆ ಕುಂಕುಮ ಹಚ್ಚಿ ಗತ್ತಿನಿಂದ ನೋಡಿದರು, ಎಲ್ಲ ತಾವೇ ಮಾಡಿದ ಹಾಗೆ. ಅರ್ಧ ನಿಜವೇ ಆಗಿತ್ತು.

"ನಮ್ಮನೆ ಬೀರುಗೂ ಹಿಂಗೇ ಮಾಡ್ಕೊಡಮ್ಮ. ಮುಂದಿನ ವಾರ ಮೊಮ್ಮಗ ಬರ್ತಾನೆ," ಅಂದರು ಆಂಟಿ. ಮಗೂನ ನೋಡ್ಕೋಬೇಕು ಆಂಟಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು "ಆಗ್ಲಿ ಆಂಟಿ," ಅಂದೆ.

ಅಷ್ಟರಲ್ಲಿ ಮಗಳು ಬಂದು ಹ್ಯಾಂಡಲ್ ಹಿಡಿದು ಜೋತುಬಿದ್ದಳು. ಬೀರು ಅಲ್ಲಾಡಲಿಲ್ಲ. ಕಾಲು ಕೊಟ್ಟು ಎಳೆದಳು, ಹಲ್ಲು ಕಚ್ಚಿ ಎಳೆದಳು, ಆಮೇಲೆ ನೆಲದ ಮೇಲೆ ಕೂತು ಮನೆ ಕಿತ್ತುಹೋಗುವ ಹಾಗೆ ಅತ್ತಳು. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಆ ಭಾನುವಾರದಿಂದೀಚೆಗೆ ಅವಳು ಬೀರು ಮುಟ್ಟಿದಾಗ ನಾನು ಓಡದೆ ಕೂತದ್ದು ಅದೇ ಮೊದಲು.