ಸದ್ದಿಲ್ಲದ ಕಾರಿನ ಎಂಜಿನ್

ನಮ್ಮ ಅಪ್ಪನ ಬಾಡಿಗೆ ಕಾರಿಗೆ ಫಳ್ನೀರಿನಲ್ಲಿ ‘ಸದ್ದಿಲ್ಲದ ಕಾರು’ ಎಂದೇ ಹೆಸರು. ಬಾಣಂತಿಯರನ್ನು ಮನೆಗೆ ಕಳಿಸಲು ಆಸ್ಪತ್ರೆಯ ನರ್ಸುಗಳು ಅದನ್ನೇ ಕರೆಸುತ್ತಿದ್ದರು. ಮದುವೆಯ ಕಾಲದಲ್ಲಿ ಮದುಮಗಳನ್ನು ಇಗರ್ಜಿಗೆ ಕರೆದೊಯ್ಯಲೂ ಅದೇ ಬೇಕು. ಹಳೆಯ ಇಂಗ್ಲಿಷ್ ಕಾರು, ಪ್ರಾಯದಲ್ಲಿ ನನಗಿಂತ ತುಸು ಚಿಕ್ಕದು. ಅದರ ಮೇಲಿದ್ದ ಜಂಬ ಅಪ್ಪನಿಗೆ ಮಕ್ಕಳ ಮೇಲಿರಲಿಲ್ಲ. ನಾನು ಟೀಚರ್ ಟ್ರೈನಿಂಗ್ ಪಾಸಾದಾಗ “ಒಳ್ಳೆಯದು” ಎಂದು ಊಟಕ್ಕೆ ಕೂತವರು, ಕಾರನ್ನು ಯಾರಾದರೂ ಹೊಗಳಿದರೆ ಊಟವನ್ನೇ ಮರೆಯುತ್ತಿದ್ದರು.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಅದರ ಎಂಜಿನ್ ಒಡೆಯಿತು. ಜೆಪ್ಪುವಿನ ನಮ್ಮ ಮನೆಯಿಂದ ಫಳ್ನೀರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗುವ ಏರಿನಲ್ಲಿ ಧಡಾರೆಂದು ನಿಂತು, ಎಣ್ಣೆಯನ್ನೆಲ್ಲ ರಸ್ತೆಗೆ ಕಾರಿಕೊಂಡಿತಂತೆ. ಪುಣ್ಯಕ್ಕೆ ಒಳಗೆ ಗಿರಾಕಿಗಳಿರಲಿಲ್ಲ. ಲಾರಿಗೆ ಕಟ್ಟಿ ಮೆಕ್ಯಾನಿಕನ ಶೆಡ್ಡಿಗೆ ಎಳೆದು ತಂದರು. ಮರುದಿನ ಅಪ್ಪನ ಜೊತೆ ನಾನೂ ಹೋದೆ.

ಮೆಕ್ಯಾನಿಕನದು ಆಚೆ ಬೀದಿಗೂ ಕೇಳುವ ಸ್ವರ. ಎಂಜಿನ್ ಬಿಚ್ಚಿ ತೋರಿಸಿದ. ಬೇರಿಂಗ್ ಪೂರಾ ಸವೆದು, ಒಳಗಿನ ರಾಡು ತುಂಡಾಗಿ, ಎಂಜಿನ್ನಿನ ಗೋಡೆಗೇ ತೂತು ಬಿದ್ದಿತ್ತು.

“ಎರಡು ದಾರಿ ಉಂಟು,” ಎಂದ. “ತೂತಿಗೆ ಬೆಸುಗೆ ಹಾಕಿ, ಒಳಗಿನದ್ದೆಲ್ಲ ಹೊಸತು ಕೂರಿಸಿ, ಹಳೆಯದನ್ನೇ ಕಟ್ಟುವುದು. ಇಲ್ಲದಿದ್ದರೆ ಅಗೊ, ಆ ಮೂಲೆಯ ಡೀಸೆಲ್ ಎಂಜಿನ್ ಹಾಕುವುದು. ಗಲಾಟೆ ಮಾಡ್ತದೆ, ಆದರೆ ಗಟ್ಟಿ. ಅದಿರಲಿ, ಎಷ್ಟು ಸಮಯದಿಂದ ಬಡಿಯುತ್ತಿತ್ತು ಇದು?”

“ಎಂತ ಬಡಿಯುವುದು? ಒಂದು ಸದ್ದೂ ಇರಲಿಲ್ಲ.”

“ಎಂತ ಮಾರಾಯ್ರೆ! ಇಷ್ಟು ಸವೆಯಬೇಕಾದರೆ ಎಷ್ಟೋ ವಾರ ಟಕಟಕ ಹೊಡ್ಕೊಂಡಿರ್ಬೇಕು. ಇಡೀ ಜೆಪ್ಪುವಿಗೆ ಕೇಳಿರ್ಬೇಕು.”

ಆ ಟಕಟಕ ನಾನು ಕೇಳಿದ್ದೆ. ಒಂದು ಭಾನುವಾರ ಇಗರ್ಜಿಯಿಂದ ಬರುವಾಗ ಹಿಂದಿನ ಸೀಟಿನಿಂದ “ಅದೆಂತ ಸದ್ದು?” ಎಂದು ಕೇಳಿಯೂ ಇದ್ದೆ. ಅಪ್ಪ ಉತ್ತರ ಕೊಡಲಿಲ್ಲ. ಸಿಟ್ಟಿನಲ್ಲಿದ್ದಾರೆ ಅಂದುಕೊಂಡು ನಾನೂ ಮುಖ ಊದಿಸಿಕೊಂಡು ಕೂತಿದ್ದೆ.

ಮನೆಯಲ್ಲಿ ಅಮ್ಮನ ತೀರ್ಮಾನ ಆಗಲೇ ಆಗಿತ್ತು. “ಡೀಸೆಲ್ ಹಾಕಿದರೆ ಮದುಮಗಳನ್ನು ಲಾರಿಯಲ್ಲಿ ಕೂರಿಸಿದ ಹಾಗೆ. ಯಾರು ಕರೀತಾರೆ ಮತ್ತೆ? ಹಳೆಯದನ್ನೇ ಕಟ್ಟಿಸಿ.” ಅಪ್ಪ ಜಗಲಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಅಮ್ಮ ನನ್ನತ್ತ ತಿರುಗಿ, “ನೋಡು, ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಷ್ಟು ಅಹಂಕಾರ!” ಎಂದು ಒಳಗೆ ಹೋದರು. ನಾನು ಮೆಲ್ಲನೆ ಅಪ್ಪನ ಬೆನ್ನ ಹಿಂದೆ ನಿಂತು ಕರೆದೆ. ಸ್ವಲ್ಪ ಜೋರಾಗಿ ಮತ್ತೊಮ್ಮೆ ಕರೆದೆ. ಅಪ್ಪ ಅಂಗಿಯ ಜೇಬಿನಿಂದ ಕಾರಿನ ಕೀಲಿಕೈ ತೆಗೆದು, ಒರೆಸಿ, ಮತ್ತೆ ಜೇಬಿಗೆ ಹಾಕಿಕೊಂಡರು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಯಾವ ಎಂಜಿನ್ ಹಾಕಿದರೂ ಕಾರು ಬಿಡುವವರು ಅಪ್ಪನೇ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ? ನಮ್ಮ ಊರಿನ ಬಸ್ಸುಗಳಿಗೆ ಹಾರ್ನೇ ಬ್ರೇಕು. ಹಿಂದಿನ ಸೀಟಿನಲ್ಲಿ ಬಾಣಂತಿ ಇರುತ್ತಾಳೆ, ಮಡಿಲಲ್ಲಿ ಎಳೆಮಗು. ನನಗೆ ನಿಜವಾಗಿ ಭಯವಾಯಿತು. ಭಯದ ಜೊತೆ ಕೋಪವೂ ಬಂತು. ತನ್ನ ಕಿವಿಯ ಕಥೆ ಗೊತ್ತಿದ್ದೂ ಸ್ಟಿಯರಿಂಗ್ ಹಿಡಿದಿದ್ದರಲ್ಲ ಈ ಮನುಷ್ಯ!

ಮೆಕ್ಯಾನಿಕನಿಗೆ ಉತ್ತರ ಹೇಳಬೇಕಾದ ದಿನ ಮೂವರೂ ಶೆಡ್ಡಿಗೆ ಹೊರಟೆವು. ಅಮ್ಮ ಬಂದದ್ದು, ಅಪ್ಪ ಎಲ್ಲಿ ಡೀಸೆಲ್ಲಿಗೆ ಒಪ್ಪಿಬಿಡುತ್ತಾರೋ ಎಂದು. ದಾರಿಯಲ್ಲಿ, ಇನ್ನು ಕಾರು ಬಿಡಬೇಡಿ ಎಂದು ಅಪ್ಪನಿಗೆ ಹೇಳಿಯೇ ಬಿಡಬೇಕೆಂದು ಹೆಜ್ಜೆ ಹೆಜ್ಜೆಗೂ ಬಾಯಿ ತೆರೆದೆ. ಆದರೆ ಹೇಳಬೇಕಾದರೆ ಕೂಗಬೇಕು. ಕೂಗಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಸಂಜೆಯೊಳಗೆ ಸ್ಟ್ಯಾಂಡಿಗೂ. ಅಷ್ಟರಲ್ಲಿ ಶೆಡ್ಡು ಬಂತು.

ಮೆಕ್ಯಾನಿಕ್ ಡೀಸೆಲ್ ಎಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಕಟ್ಟಿ ನಿಲ್ಲಿಸಿದ್ದ. “ಒಮ್ಮೆ ನೋಡಿ, ಮತ್ತೆ ಹೇಳಿ” ಎಂದು ಸ್ಟಾರ್ಟ್ ಮಾಡಿದ. ತಲೆಯ ಮೇಲಿನ ತಗಡಿನ ಮಾಡು ಗಡಗಡ ನಡುಗಿತು. ಅಮ್ಮ ಕಿವಿ ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ಅಪ್ಪ ಮಾತ್ರ ಹತ್ತಿರ ಹೋದರು. ಇನ್ನೂ ಹತ್ತಿರ ಹೋಗಿ ಬಗ್ಗಿ ನಿಂತರು. ಎಷ್ಟೋ ತಿಂಗಳಿಂದ ಗಂಟು ಹಾಕಿದ್ದ ಆ ಮುಖ ಮೆಲ್ಲಗೆ ಸಡಿಲವಾಯಿತು. ನಕ್ಕರು.

“ಇದನ್ನೇ ಹಾಕು!” ಎಂದು ಕೂಗಿದರು. “ಇದು ನನಗೆ ಕೇಳ್ತದೆ!”

ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿದ. ಅಪ್ಪ ಇನ್ನೂ ಅದನ್ನೇ ನೋಡುತ್ತ ನಿಂತಿದ್ದರು. ಅಮ್ಮನ ಕೈ ಕಿವಿಯಿಂದ ಕೆಳಗೆ ಇಳಿಯಿತು. ಅಪ್ಪನ ಬೆನ್ನ ಹಿಂದೆ ನಿಂತೇ, ಎಂದಿನ ಸ್ವರದಲ್ಲಿ, “ನನ್ನದು ಕೇಳುದಿಲ್ವಾ ನಿಮಗೆ?” ಎಂದರು.

ಅಪ್ಪ ತಿರುಗಲಿಲ್ಲ.

ಮೆಕ್ಯಾನಿಕ್ ಸ್ಪಾನರ್ ಹುಡುಕುವ ನೆಪದಲ್ಲಿ ಬಗ್ಗಿದ. ಅಮ್ಮ ಅಳುತ್ತಾರೆಂದುಕೊಂಡೆ, ಅಳಲಿಲ್ಲ. ಸುತ್ತು ಬಳಸಿ ಹೋಗಿ ಅಪ್ಪನ ಎದುರು ನಿಂತು ಅಂಗೈ ಚಾಚಿದರು. ಅಪ್ಪ ಆ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರ ಮುಖ ಕೆಂಪೇರಿತು, ಇನ್ನು ರೇಗುತ್ತಾರೆ ಎಂದು ನಾನು ಬಿಗಿಯಾಗಿ ನಿಂತೆ. ರೇಗಲಿಲ್ಲ. ಜೇಬಿನಿಂದ ಕೀಲಿಕೈ ತೆಗೆದು, ಅಭ್ಯಾಸದಂತೆ ಅಂಗಿಯ ತುದಿಗೆ ಒರೆಸಿ, ಅಮ್ಮನ ಕೈಯಲ್ಲಿಟ್ಟರು.

ಆಮೇಲೆ ಮೆಕ್ಯಾನಿಕನ ಕಡೆ ತಿರುಗಿ ಹೇಳಿದರು: “ಹಳೆಯದನ್ನೇ ಕಟ್ಟು ಮಾರಾಯ. ಇನ್ನು ಬೇರೆಯವ ಬಿಡುವುದು, ಅವನಿಗೆ ಅದರ ಸದ್ದು ಕೇಳ್ತದಲ್ಲ.”